ಬ್ಲಾಗು ಬರವಣಿಗೆ: ರೈತರ ಮನೆಗೆ ಒಂದು ಉಪಕಸುಬು

ಬೇಸಾಯವೊಂದನ್ನೇ ನಂಬಿದ ಮನೆಯಲ್ಲಿ ವರ್ಷದ ಹನ್ನೆರಡು ತಿಂಗಳೂ ಕೈಗೆ ಕೆಲಸವಿರುವುದಿಲ್ಲ. ಕೆಲಸವಿದ್ದರೂ ಹನ್ನೆರಡು ತಿಂಗಳೂ ಹಣವು ಬರುವುದಿಲ್ಲ. ಮಳೆಯನ್ನೇ ಆಶ್ರಯಿಸಿದ ರಾಗಿಯ ಹೊಲವು ಸುಗ್ಗಿ ತೀರಿದ ಮೇಲೆ ಮುಂಗಾರಿನವರೆಗೂ ಬಿಡುವಾಗಿರುವುದು. ಆದಕಾರಣ ಹೈನು, ರೇಷ್ಮೆ, ಕೋಳಿ, ಜೇನು ಮೊದಲಾದ ಉಪಕಸುಬುಗಳನ್ನು ವ್ಯವಸಾಯದ ಜೊತೆಯಲ್ಲಿಯೇ ನಡೆಯಿಸಿಕೊಳ್ಳಬೇಕೆಂದು ರೈತರಿಗೆ ಬಹುಕಾಲದಿಂದ ಹೇಳುತ್ತ ಬರಲಾಗಿದೆ. ಈಚೆಗೆ ಈ ಪಟ್ಟಿಗೆ ಇನ್ನೊಂದು ಕಸುಬು ಸೇರಿರುವುದು. ಅದು ಮನೆಯಲ್ಲಿ ಕುಳಿತು ಅಂತರ್ಜಾಲದಲ್ಲಿ ಬರೆದು ಸಂಪಾದಿಸುವ ಬ್ಲಾಗು ಬರವಣಿಗೆಯ ಕಸುಬು.

ಓದು ಬರಹ ಬಲ್ಲ ಮಗನೋ, ಮಗಳೋ, ಸೊಸೆಯೋ ಇರುವ ಮನೆಗಳಲ್ಲಿ ಈ ಕಸುಬಿನ ಮೇಲೆ ಆಸೆಯು ಹುಟ್ಟುವುದು ಸಹಜವೇ. ಆದರೆ ಇದನ್ನೇ ನಂಬಿ ಇದ್ದ ನೌಕರಿಯನ್ನು ಬಿಡುವವರೂ, ಕರೆಯುವ ಹಸುವನ್ನು ಮಾರಿ ‘ತಿಂಗಳಿಗೆ ಲಕ್ಷ ಸಂಪಾದನೆ’ಯ ಪಾಠಗಳಿಗೆ ಹಣ ತೆರಲು ಹೊರಡುವವರೂ ಉಂಟು. ಈ ಕಸುಬಿನಿಂದ ಏನು ದೊರೆಯುವುದು, ಏನು ದೊರೆಯಲಾರದು ಎಂಬುದನ್ನು ಮೊದಲೇ ಲೆಕ್ಕ ಹಾಕಿ ತಿಳಿದುಕೊಳ್ಳುವುದು ಕ್ಷೇಮಕರವು.

ಬ್ಲಾಗು ಎಂದರೇನು?

ಬ್ಲಾಗು ಎಂದರೆ ಒಬ್ಬನು ತನ್ನ ಹೆಸರಿನಲ್ಲಿ ಅಂತರ್ಜಾಲದಲ್ಲಿಟ್ಟ ದಿನಚರಿಯಂತಹ ಬರಹಗಳ ಸರಣಿ. ಹೊಸ ಬರಹವು ಮೇಲೆಯೂ ಹಳೆಯದು ಕೆಳಗೂ ಇರುವುದು. ಈ ಬಗೆಯ ಪುಟಗಳಿಗೆ ‘ವೆಬ್‌ಲಾಗ್’ ಎಂಬ ಹೆಸರು ೧೯೯೭ನೆಯ ಇಸವಿಯಲ್ಲಿ ಬಂದಿತು. ಅದೇ ಮೊಟಕಾಗಿ ಬ್ಲಾಗ್ ಎಂದಾಯಿತು. ೧೯೯೯ರಲ್ಲಿ ‘ಬ್ಲಾಗರ್’ ಎಂಬ ಸೌಕರ್ಯವು ಆರಂಭವಾಗಿ, ಯಂತ್ರದ ಒಳಮರ್ಮವನ್ನು ಅರಿಯದವರೂ ಪುಟ ತೆರೆಯುವುದು ಸುಲಭವಾಯಿತು. ೨೦೦೩ರಲ್ಲಿ ‘ವರ್ಡ್‌ಪ್ರೆಸ್’ ಬಂದಿತು. ಅದೇ ವರ್ಷ ಗೂಗಲ್ ಸಂಸ್ಥೆಯು ‘ಆಡ್‌ಸೆನ್ಸ್’ ಎಂಬ ಏರ್ಪಾಡನ್ನು ತೆರೆದು, ಸಣ್ಣ ಬರಹಗಾರನ ಪುಟದಲ್ಲಿಯೂ ಜಾಹೀರಾತು ಹಾಕಿ ಅದರ ಹಣದಲ್ಲಿ ಪಾಲು ಕೊಡಲಾರಂಭಿಸಿತು. ಬರವಣಿಗೆಯು ಜೀವನೋಪಾಯವೂ ಆಗಬಹುದೆಂಬ ಭಾವನೆಯು ಅಂದಿನಿಂದ ಹಬ್ಬಿತು.

ಒಂದು ನಿದರ್ಶನ

ಅಮೆರಿಕದ ಓಕ್ಲಹೋಮಾ ಸಂಸ್ಥಾನದಲ್ಲಿ ಪಾಹಸ್ಕಾ ಎಂಬ ಸಣ್ಣ ಊರಿನ ಹತ್ತಿರ ದನಗಳನ್ನು ಸಾಕುವ ಮನೆತನದ ಗೃಹಿಣಿಯಾದ ರೀ ಡ್ರಮಂಡ್ ಎಂಬಾಕೆಯು ೨೦೦೬ನೆಯ ಇಸವಿಯಲ್ಲಿ ‘ಪಯೊನಿಯರ್ ವುಮನ್’ ಎಂಬ ಬ್ಲಾಗನ್ನು ತೆರೆದಳು. ದನಗಳ ಕೆಲಸ, ಮಕ್ಕಳು, ಅಡಿಗೆ ಇವುಗಳನ್ನೇ ಚಿತ್ರಗಳ ಸಮೇತ ಬರೆಯುತ್ತ ಬಂದಳು. ೨೦೦೯ರಲ್ಲಿ ಆಕೆಯ ಪಾಕಪುಸ್ತಕವು ಅಚ್ಚಾಯಿತು. ೨೦೧೧ರಲ್ಲಿ ದೂರದರ್ಶನದಲ್ಲಿ ಅಡಿಗೆಯ ಕಾರ್ಯಕ್ರಮವು ಆರಂಭವಾಯಿತು. ೨೦೧೬ರಲ್ಲಿ ಅದೇ ಊರಿನಲ್ಲಿ ಅಂಗಡಿಯೂ ಊಟದ ಮನೆಯೂ ತೆರೆದವು.

ಈ ನಿದರ್ಶನದಿಂದ ಎರಡು ಸಂಗತಿಗಳನ್ನು ಗ್ರಹಿಸತಕ್ಕದ್ದು. ಒಂದನೆಯದು, ಬ್ಲಾಗು ಆಕೆಗೆ ಹೆಬ್ಬಾಗಿಲಾಯಿತು. ಅದರೊಳಗೆ ಪುಸ್ತಕ, ಕಾರ್ಯಕ್ರಮ, ಅಂಗಡಿ ಎಂಬ ಬೇರೆ ಬೇರೆ ಸಂಪಾದನೆಗಳಿಗೆ ಎಡೆಯಾಯಿತು. ಎರಡನೆಯದು, ಬರವಣಿಗೆಯು ಫಲ ಕೊಡುವ ಮುನ್ನವೇ ಆಕೆಯ ಮನೆಯವರಿಗೆ ವಿಸ್ತಾರವಾದ ಭೂಮಿಯೂ ದನಗಳೂ ಇದ್ದವು. ಬ್ಲಾಗಿನ ವರಮಾನಕ್ಕಾಗಿ ಒಲೆಯು ಕಾಯಬೇಕಾಗಿರಲಿಲ್ಲ. ಈ ಎರಡನೆಯ ಸಂಗತಿಯನ್ನು ಪಾಠ ಮಾರುವವರು ಹೇಳುವುದಿಲ್ಲ.

ವರಮಾನದ ಲೆಕ್ಕ

ಬ್ಲಾಗಿನಿಂದ ಹಣ ಬರುವ ಮಾರ್ಗಗಳು ಮುಖ್ಯವಾಗಿ ನಾಲ್ಕು: ಪುಟದಲ್ಲಿ ತೋರುವ ಜಾಹೀರಾತು, ಇತರರ ಸರಕನ್ನು ಸೂಚಿಸಿ ಮಾರಾಟವಾದಾಗ ಪಡೆಯುವ ದಲ್ಲಾಳಿ, ಇತರ ಪತ್ರಿಕೆಗಳಿಗೂ ಸಂಸ್ಥೆಗಳಿಗೂ ಬರೆದುಕೊಟ್ಟು ಪಡೆಯುವ ಸಂಭಾವನೆ, ತನ್ನದೇ ಉತ್ಪನ್ನದ ಮಾರಾಟ.

ಜಾಹೀರಾತಿನ ವಿಷಯವನ್ನು ಮೊದಲು ನೋಡಬಹುದು. ಆಡ್‌ಸೆನ್ಸ್ ಏರ್ಪಾಡಿನಲ್ಲಿ ಜಾಹೀರಾತುದಾರನು ಕೊಟ್ಟ ಹಣದಲ್ಲಿ ನೂರಕ್ಕೆ ಸುಮಾರು ೬೮ ಭಾಗವು ಪುಟದ ಒಡೆಯನಿಗೆ ಸೇರುವುದು. ಸಂಪಾದನೆಯು ೧೦೦ ಡಾಲರು ತುಂಬುವವರೆಗೆ ಹಣವು ಕೈಗೆ ಬಾರದೆ ಮುಂದಿನ ತಿಂಗಳಿಗೆ ಸೇರುತ್ತ ಹೋಗುವುದು. ಸಾವಿರ ಓದಿಗೆ ಇಷ್ಟೇ ಎಂಬ ನಿಯತವಾದ ದರವಿಲ್ಲ. ಭಾಷೆ, ವಿಷಯ, ಓದುಗರ ದೇಶ, ಕಾಲ ಇವುಗಳ ಮೇಲೆ ಅದು ಏರಿಳಿಯುವುದು. ಲೆಕ್ಕದ ಸೌಕರ್ಯಕ್ಕಾಗಿ ಸಾವಿರ ಓದಿಗೆ ೫೦ ರೂಪಾಯಿ ಎಂದು ಇಟ್ಟುಕೊಂಡರೆ, ತಿಂಗಳಿಗೆ ೧೦,೦೦೦ ರೂಪಾಯಿ ಬರಬೇಕಾದರೆ ೨,೦೦,೦೦೦ ಓದುಗಳು ಬೇಕು. ಅಂದರೆ ದಿನವೊಂದಕ್ಕೆ ೬,೬೦೦ಕ್ಕೂ ಹೆಚ್ಚು. ಹೊಸದಾಗಿ ಆರಂಭಿಸಿದವನು ದಿನಕ್ಕೆ ೨೦೦ ಓದುಗಳನ್ನು ಪಡೆದರೆ ತಿಂಗಳಿಗೆ ೬,೦೦೦ ಆಗಿ, ಅದಕ್ಕೆ ದೊರೆಯುವುದು ೩೦೦ ರೂಪಾಯಿ ಮಾತ್ರ.

ಈಗ ಇದೇ ೬,೦೦೦ ಓದುಗಳನ್ನು ಇನ್ನೊಂದು ರೀತಿಯಲ್ಲಿ ನೋಡತಕ್ಕದ್ದು. ಬರಹಗಾರನು ಆಲೆಮನೆಯುಳ್ಳ ಕಬ್ಬಿನ ರೈತನೆಂದು ಭಾವಿಸೋಣ. ಅವನು ಬೆಲ್ಲ ತೆಗೆಯುವ ಕ್ರಮವನ್ನೂ ಪ್ರತಿಯೊಂದು ಪಾಕದ ಗುಣದೋಷವನ್ನೂ ಪ್ರಾಮಾಣಿಕವಾಗಿ ಬರೆದು, ಓದಿದವರ ಪೈಕಿ ೨೦ ಮನೆಯವರು ತಿಂಗಳಿಗೆ ೫ ಕಿಲೋದಂತೆ ಬೆಲ್ಲ ತರಿಸಿಕೊಂಡರೆ ೧೦೦ ಕಿಲೋ ಆಯಿತು. ಡಬ್ಬಿ ಮತ್ತು ಸಾಗಣೆಯ ಖರ್ಚು ಕಳೆದು, ಮಂಡಿಯ ಧಾರಣೆಗಿಂತ ಕಿಲೋ ಒಂದಕ್ಕೆ ೨೦ ರೂಪಾಯಿ ಹೆಚ್ಚಾಗಿ ಉಳಿದರೂ ೨,೦೦೦ ರೂಪಾಯಿ ಲಾಭವಾಗುವುದು. ಓದುಗರು ಅಷ್ಟೇ, ಫಲವು ಆರು ಪಾಲಿಗೂ ಹೆಚ್ಚು. ಆದುದರಿಂದ ರೈತರ ಮನೆಯ ಬ್ಲಾಗು ಜಾಹೀರಾತನ್ನು ನೆಚ್ಚಿಕೊಳ್ಳದೆ ಹೊಲದ ಉತ್ಪನ್ನಕ್ಕೆ ದಾರಿಯಾಗುವುದೇ ಲೇಸು. ತಿನ್ನುವ ಪದಾರ್ಥಗಳನ್ನು ಸಿದ್ಧಪಡಿಸಿ ಮಾರುವವರು ೨೦೦೬ನೆಯ ಇಸವಿಯ ಆಹಾರ ಸುರಕ್ಷತೆಯ ಕಾಯಿದೆಯ ಮೇರೆಗೆ ನೋಂದಣಿಯ ವಿಷಯವನ್ನು ವಿಚಾರಿಸಿಕೊಳ್ಳತಕ್ಕದ್ದು.

ಏನನ್ನು ಬರೆಯಬೇಕು?

ಬೀಜವು ಒಳ್ಳೆಯದಾಗಿದ್ದರೆ ಬೆಳೆಯೂ ಒಳ್ಳೆಯದು. ಇಲ್ಲಿ ಬೀಜವೆಂದರೆ ಬರೆಯುವವನ ಸ್ವಂತ ಅನುಭವ. ೧೯೮೮ರಲ್ಲಿ ಪುತ್ತೂರಿನಲ್ಲಿ ಆರಂಭವಾದ ‘ಅಡಿಕೆ ಪತ್ರಿಕೆ’ಯು ರೈತರ ಕೈಗೇ ಲೇಖನಿಯನ್ನು ಕೊಟ್ಟು, ಅವರು ಕಂಡು ಮಾಡಿದ್ದನ್ನೇ ಅವರಿಂದ ಬರೆಯಿಸಿತು. ರೈತನ ಬರಹಕ್ಕೆ ಓದುಗರುಂಟೆಂಬುದಕ್ಕೆ ಬೇರೆ ಪ್ರಮಾಣವು ಬೇಕಾಗಿಲ್ಲ.

ಎಲ್ಲರೂ ಬಲ್ಲ ಸಂಗತಿಯನ್ನು ಮತ್ತೆ ಬರೆಯುವುದರಿಂದ ಈಗ ಪ್ರಯೋಜನವು ಕಡಮೆ. ೨೦೨೪ನೆಯ ಇಸವಿಯಿಂದ ಗೂಗಲಿನ ಶೋಧಕಯಂತ್ರವು ಕೃತಕ ಬುದ್ಧಿಯ ನೆರವಿನಿಂದ ಉತ್ತರದ ಸಾರಾಂಶವನ್ನು ತಾನೇ ತೋರಿಸತೊಡಗಿದೆ. ಸಾರಾಂಶದಿಂದಲೇ ತೃಪ್ತನಾದ ಓದುಗನು ಬರಹಗಾರನ ಪುಟಕ್ಕೆ ಬರುವುದಿಲ್ಲ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಸಿಂಪಡಿಸಬೇಕೆಂಬುದನ್ನು ಯಂತ್ರವೂ ಹೇಳಬಲ್ಲದು. ಆದರೆ ತನ್ನ ತೋಟದಲ್ಲಿ ಯಾವ ದಿನ ಸಿಂಪಡಿಸಿದುದು, ಆ ಮೇಲೆ ಎಷ್ಟು ದಿನ ಬಿಡದೆ ಮಳೆ ಹೊಯ್ದುದು, ಎರಡನೆಯ ಸಿಂಪಡಣೆಯು ತಡವಾದುದರಿಂದ ಎಷ್ಟು ಗೊನೆಗಳ ಕಾಯಿ ಉದುರಿದುದು ಎಂಬುದನ್ನು ಆ ತೋಟದವನೇ ಹೇಳಬೇಕು. ಇಂತಹ ಬರಹಕ್ಕೆ ಬೆಲೆಯುಂಟು. ನಷ್ಟವಾದುದನ್ನೂ ಮರೆಮಾಚದೆ ಬರೆದವನಲ್ಲಿ ಓದುಗರಿಗೆ ನಂಬಿಕೆಯು ಬೇರೂರುವುದು.

ಅಳತೆಗಳ ವಿಷಯದಲ್ಲಿ ಅತ್ಯಂತ ಎಚ್ಚರಿಕೆಯು ಬೇಕು. ಶೇಕಡ ಒಂದರ ಬೋರ್ಡೋ ದ್ರಾವಣಕ್ಕೆ ೧ ಕಿಲೋ ಮೈಲುತುತ್ತ, ೧ ಕಿಲೋ ಸುಣ್ಣ, ೧೦೦ ಲೀಟರು ನೀರು. ಬರೆಯುವಾಗ ಒಂದು ಸೊನ್ನೆಯು ತಪ್ಪಿದರೂ, ಸುಣ್ಣವು ಸಾಕಾಗಿದೆಯೇ ಎಂದು ಹೊಳೆಯುವ ಕಬ್ಬಿಣದ ಚೂರಿಯನ್ನು ಅದ್ದಿ ನೋಡಬೇಕೆಂಬ ಮಾತು ಬಿಟ್ಟುಹೋದರೂ, ದೂರದ ಯಾವನೋ ರೈತನ ಬೆಳೆಯು ಸುಟ್ಟುಹೋಗಬಹುದು. ಅವನು ಬರೆದವನನ್ನು ಕಂಡಿರುವುದಿಲ್ಲ. ಬರೆದವನೂ ಅವನ ನಷ್ಟವನ್ನು ಅರಿಯುವುದಿಲ್ಲ. ಕೀಟನಾಶಕಗಳ ವಿಷಯದಲ್ಲಿ ಡಬ್ಬಿಯ ಚೀಟಿಯಲ್ಲಿರುವ ಬೆಳೆ ಮತ್ತು ಪ್ರಮಾಣಗಳನ್ನು ಮೀರಿ ಏನನ್ನೂ ಬರೆಯಕೂಡದು. ಸಂಶಯವಿದ್ದಲ್ಲಿ ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ ತಿಳಿದು ಬರೆಯುವುದು ಕರ್ತವ್ಯವು.

ಕೆಲಸದ ಕ್ರಮ

ಬಂಡವಾಳವು ಹೆಚ್ಚಾಗಿ ಬೇಕಾಗಿಲ್ಲ. ಚಿತ್ರ ತೆಗೆಯುವ ಒಂದು ಮೊಬೈಲು, ಸಾಧ್ಯವಾದರೆ ಹಳೆಯದಾದರೂ ಒಂದು ಕಂಪ್ಯೂಟರು ಸಾಕು. ಆರಂಭದಲ್ಲಿ ಬಾಡಿಗೆಯಿಲ್ಲದ ಬ್ಲಾಗರ್ ಪುಟವನ್ನೇ ತೆರೆಯಬಹುದು. ಓದುಗರು ನೆಲೆನಿಂತ ಮೇಲೆ ವರ್ಷಕ್ಕೆ ಕೆಲವು ನೂರು ರೂಪಾಯಿ ತೆತ್ತು ಸ್ವಂತ ವಿಳಾಸವನ್ನು ಪಡೆಯಬಹುದು. ಕನ್ನಡವನ್ನು ಯೂನಿಕೋಡ್ ಕ್ರಮದಲ್ಲಿಯೇ ಕೂಡಿಸತಕ್ಕದ್ದು. ಹಳೆಯ ಫಾಂಟುಗಳಲ್ಲಿ ಕೂಡಿಸಿದ ಬರಹವು ನೋಡಲು ಕನ್ನಡವಾಗಿದ್ದರೂ ಶೋಧಕಯಂತ್ರಕ್ಕೆ ಕನ್ನಡವಾಗಿ ತೋರುವುದಿಲ್ಲ.

ಹೊಲದ ಕೆಲಸಕ್ಕೆ ಅಡ್ಡಿಯಾಗದಂತೆ ದಿನಕ್ಕೆ ಒಂದು ಗಂಟೆಯನ್ನು ಗೊತ್ತುಮಾಡಿಕೊಳ್ಳಬೇಕು. ಒಂದು ಗಂಟೆಯ ಬರವಣಿಗೆಗೆ ಹೊಲದಲ್ಲಿ ನಡೆದಾಡುವಾಗ ಚೀಟಿಯಲ್ಲಿ ಗುರುತುಹಾಕಿಕೊಂಡ ಸಂಗತಿಗಳೇ ಆಧಾರವು. ವಾರಕ್ಕೆ ಒಂದು ಬರಹವಾದರೂ ತಪ್ಪದೆ ಬರಬೇಕು. ಚಿತ್ರಗಳು ಸ್ವಂತದವಾಗಿರಬೇಕು, ಇತರರ ಚಿತ್ರವನ್ನೂ ಬರಹವನ್ನೂ ಅನುಮತಿಯಿಲ್ಲದೆ ಎತ್ತಿಕೊಳ್ಳುವುದು ೧೯೫೭ನೆಯ ಇಸವಿಯ ಕೃತಿಸ್ವಾಮ್ಯದ ಕಾಯಿದೆಗೆ ವಿರುದ್ಧವು.

ತಿಳಿದಿರಬೇಕಾದ ನಿಯಮಗಳು

೧. ಆಡ್‌ಸೆನ್ಸ್ ಖಾತೆಗೆ ೧೮ ವರ್ಷ ತುಂಬಿರಬೇಕು. ಸಂಪಾದನೆಯು ೧೦ ಡಾಲರು ಮುಟ್ಟಿದ ಮೇಲೆ ವಿಳಾಸವನ್ನು ಖಚಿತಪಡಿಸಿಕೊಳ್ಳಲು ಗುಪ್ತಸಂಖ್ಯೆಯುಳ್ಳ ಕಾಗದವು ಅಂಚೆಯ ಮೂಲಕ ಬರುವುದು. ಆದುದರಿಂದ ಊರು, ಅಂಚೆ ಕಚೇರಿ, ಪಿನ್‌ಕೋಡುಗಳನ್ನು ಸರಿಯಾಗಿ ಕೊಟ್ಟು, ಅಂಚೆಯವನಿಗೂ ಮೊದಲೇ ತಿಳಿಸಿಟ್ಟಿರಬೇಕು. ಬ್ಯಾಂಕಿನ ಪುಸ್ತಕದಲ್ಲಿರುವ ಹೆಸರೂ ಖಾತೆಯ ಹೆಸರೂ ಒಂದೇ ಆಗಿರತಕ್ಕದ್ದು.

೨. ತನ್ನ ಪುಟದ ಜಾಹೀರಾತನ್ನು ತಾನೇ ಒತ್ತುವುದು, ನೆಂಟರಿಷ್ಟರಿಂದ ಒತ್ತಿಸುವುದು ನಿಷಿದ್ಧ. ಹೀಗೆ ಮಾಡಿದವರ ಖಾತೆಯನ್ನೇ ಮುಚ್ಚಿಬಿಡುವರು; ಕೂಡಿದ ಹಣವೂ ಹೋಗುವುದು.

೩. ಹಣವನ್ನೋ ಸರಕನ್ನೋ ಪಡೆದು ಯಾವುದಾದರೂ ಗೊಬ್ಬರ, ಬೀಜ, ಯಂತ್ರವನ್ನು ಹೊಗಳಿ ಬರೆದರೆ, ಅದನ್ನು ಓದುಗರಿಗೆ ಸ್ಪಷ್ಟವಾಗಿ ತಿಳಿಸಬೇಕು. ಭಾರತ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯು ಈ ವಿಷಯದಲ್ಲಿ ೨೦೨೩ನೆಯ ಜನವರಿಯಲ್ಲಿ ಸೂಚನೆಗಳನ್ನು ಹೊರಡಿಸಿದೆ.

೪. ವ್ಯವಸಾಯದ ವರಮಾನಕ್ಕಿರುವ ಆದಾಯ ತೆರಿಗೆಯ ವಿನಾಯಿತಿಯು ಬರವಣಿಗೆಯ ವರಮಾನಕ್ಕೆ ಅನ್ವಯಿಸುವುದಿಲ್ಲ. ವ್ಯವಸಾಯದ ಬಗ್ಗೆಯೇ ಬರೆದರೂ ಅದು ಬರವಣಿಗೆಯ ವರಮಾನವೇ. ಎರಡರ ಲೆಕ್ಕವನ್ನೂ ಬೇರೆ ಬೇರೆಯಾಗಿ ಇಡಬೇಕು.

ಎಷ್ಟು ಕಾಲ ಕಾಯಬೇಕು?

ಅಡಿಕೆಯ ಸಸಿಯನ್ನು ನೆಟ್ಟವನು ಐದಾರು ವರ್ಷ ಫಸಲನ್ನು ನಿರೀಕ್ಷಿಸುವುದಿಲ್ಲ. ಅಷ್ಟರವರೆಗೆ ಅವನು ಸಾಲುಗಳ ನಡುವೆ ಬಾಳೆಯನ್ನು ಬೆಳೆದು ಮನೆಯ ಖರ್ಚನ್ನು ತೂಗಿಸಿಕೊಳ್ಳುವನು. ಬ್ಲಾಗೂ ಅಂತಹ ತೋಟವೇ. ಮೊದಲನೆಯ ವರ್ಷ ಖರ್ಚೂ ದುಡಿಮೆಯೂ ಮಾತ್ರವೆಂದು ತಿಳಿದಿರಬೇಕು. ಎರಡನೆಯ ವರ್ಷ ಅಲ್ಪಸ್ವಲ್ಪ ಕಂಡರೂ ಕಾಣಬಹುದು. ಈ ಅವಧಿಯಲ್ಲಿ ಹೊಲ, ಹಸು, ನೌಕರಿ ಇವೇ ಬಾಳೆಯ ಸಾಲುಗಳು. ತೋಟವು ಫಲಕ್ಕೆ ಬರುವ ಮುನ್ನ ಬಾಳೆಯನ್ನು ಕಿತ್ತವನು ಎರಡನ್ನೂ ಕಳೆದುಕೊಳ್ಳುವನು.

ಆದುದರಿಂದ ಒಂದು ಪುಸ್ತಕದಲ್ಲಿ ಪ್ರತಿ ತಿಂಗಳೂ ನಾಲ್ಕು ಅಂಕಣಗಳನ್ನು ತುಂಬುತ್ತ ಬರಬೇಕು: ವ್ಯಯವಾದ ಗಂಟೆಗಳು, ಖರ್ಚಾದ ಹಣ, ಬಂದ ಓದುಗಳು, ಕೈಸೇರಿದ ಹಣ. ಎರಡು ವರ್ಷಗಳ ಲೆಕ್ಕವನ್ನು ಮನೆಯವರೆಲ್ಲ ಕುಳಿತು ನೋಡಿ ತೀರ್ಮಾನಿಸಬೇಕು. ಹನ್ನೆರಡು ತಿಂಗಳು ಸತತವಾಗಿ ಬ್ಲಾಗಿನ ನಿವ್ವಳ ವರಮಾನವು ಮನೆಯ ಖರ್ಚನ್ನು ತುಂಬದೆ ಇದ್ದ ಪಕ್ಷದಲ್ಲಿ ಇತರ ಕಸುಬನ್ನು ಬಿಡತಕ್ಕದ್ದಲ್ಲ. ಸಾಲ ಮಾಡಿಯಾಗಲಿ, ಹಸುವನ್ನು ಮಾರಿಯಾಗಲಿ ಈ ಕಸುಬಿಗೆ ಹಣ ಹಾಕುವುದು ಯಾವ ಕಾರಣಕ್ಕೂ ತರವಲ್ಲ; ಇದನ್ನು ಕಲಿಯಲು ಬೇಕಾದ ಪಾಠಗಳು ಅಂತರ್ಜಾಲದಲ್ಲಿಯೇ ಬಿಟ್ಟಿಯಾಗಿ ದೊರೆಯುವುವು.

ಸಾರಾಂಶ

ಬ್ಲಾಗು ಬರವಣಿಗೆಯು ರೈತರ ಮನೆಗೆ ಮುಖ್ಯ ಬೆಳೆಯಲ್ಲ, ಅಂಚಿನ ಬೆಳೆಯು. ಅಂಚಿನ ಬೆಳೆಯನ್ನು ಶ್ರದ್ಧೆಯಿಂದ ಬೆಳೆದರೆ ಅದರಿಂದ ಎಣ್ಣೆಗೆ, ಉಪ್ಪಿಗೆ, ಮಕ್ಕಳ ಪುಸ್ತಕಕ್ಕೆ ಆಗುವುದು. ಕೆಲವರಿಗೆ ಕಾಲಾನುಕ್ರಮದಲ್ಲಿ ಅದೇ ಮುಖ್ಯವೂ ಆಗಬಹುದು. ಹಣವು ಕಡಮೆ ಬಂದ ವರ್ಷದಲ್ಲಿಯೂ ಹೊಲದ ವರ್ತಮಾನವನ್ನು ದಿನದಿನವೂ ಬರೆದಿಟ್ಟ ಮನೆಯಲ್ಲಿ ಒಂದು ಲಾಭವು ನಿಶ್ಚಯವಾಗಿ ಉಳಿಯುವುದು: ಹೋದ ವರ್ಷ ಯಾವ ಮಳೆಗೆ ಏನು ಬಿತ್ತಿದೆವು, ಎಲ್ಲಿ ತಪ್ಪಿದೆವು ಎಂಬುದಕ್ಕೆ ಆ ಮನೆಯವರು ಇನ್ನೊಬ್ಬರನ್ನು ಕೇಳಬೇಕಾಗಿರುವುದಿಲ್ಲ.