ಸೋಂಕು ಮತ್ತು ಅತಿಸಂವೇದನೆ

ರೋಗಾಣುವು ದೇಹವನ್ನು ಹೊಕ್ಕ ಮಾತ್ರಕ್ಕೆ ರೋಗ ಬಂದಿತೆಂದು ಹೇಳಲಾಗದು. ಬಿತ್ತಿದ ಬೀಜವೆಲ್ಲ ಬೆಳೆಯಾಗದಂತೆ ಒಳಹೊಕ್ಕ ಕ್ರಿಮಿಯೆಲ್ಲ ಬೇರೂರಲಾರದು. ಅದು ನೆಲೆ ನಿಲ್ಲಬೇಕು, ವೃದ್ಧಿ ಹೊಂದಬೇಕು, ದೇಹದ ಕಾವಲುಗಾರರ ಕೈಗೆ ಸಿಕ್ಕದೆ ಉಳಿಯಬೇಕು. ಈ ಹೋರಾಟದಲ್ಲಿ ನಮ್ಮನ್ನು ಕಾಯುವ ಶಕ್ತಿಗೆ ರೋಗರಕ್ಷೆ ಎಂದು ಹೆಸರು. ಆದರೆ ಬೇಲಿಯೇ ಎದ್ದು ಹೊಲ ಮೇಯ್ದಂತೆ, ಕೆಲವು ವೇಳೆ ಈ ಶಕ್ತಿಯೇ ದೇಹಕ್ಕೆ ಹಾನಿಯನ್ನುಂಟುಮಾಡುವುದುಂಟು. ಇದನ್ನು ಅತಿಸಂವೇದನೆ ಎನ್ನುತ್ತೇವೆ. ಎರಡೂ ಒಂದೇ ಮೂಲದಿಂದ ಹೇಗೆ ಹುಟ್ಟುವುವೆಂಬುದನ್ನು ಮೊದಲು ಕ್ಷಯರೋಗದ ಉದಾಹರಣೆಯಿಂದ ತಿಳಿಯೋಣ.

ಕ್ರಿಮಿ ನೆಲೆಯೂರುವ ಬಗೆ

ಕ್ಷಯದ ಕ್ರಿಮಿಯನ್ನು ತಾನು ಕಂಡುಹಿಡಿದುದಾಗಿ ರಾಬರ್ಟ್ ಕಾಕನು 1882ರ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ಸಾರಿದನು. ಕಡ್ಡಿಯಂತಿರುವ ಈ ಬ್ಯಾಕ್ಟೀರಿಯದ ಉದ್ದವು ಮಿಲಿಮೀಟರಿನ ಸಾವಿರ ಪಾಲುಗಳಲ್ಲಿ 2ರಿಂದ 4 ಪಾಲು. ರೋಗಿ ಕೆಮ್ಮಿದಾಗ ಹೊರಬೀಳುವ ಹನಿಗಳಲ್ಲಿ ದೊಡ್ಡವು ನೆಲಕ್ಕೆ ಬೀಳುವುವು; ಇಲ್ಲವೆ ಇತರರ ಮೂಗು ಗಂಟಲುಗಳ ಲೋಳೆಯಲ್ಲಿ ಸಿಕ್ಕಿಕೊಳ್ಳುವುವು. ಶ್ವಾಸನಾಳದ ಒಳಮೈಯಲ್ಲಿರುವ ನವುರಾದ ರೋಮಗಳು ಆ ಲೋಳೆಯನ್ನು ಮೇಲಕ್ಕೆ ತಳ್ಳಿಬಿಡುವುವು. ಆದರೆ ತೇವವಾರಿ ಅತಿ ಸಣ್ಣದಾದ ಹನಿಯು ಗಾಳಿಯಲ್ಲಿ ತೇಲುತ್ತಿದ್ದು, ಉಸಿರಿನೊಡನೆ ಶ್ವಾಸಕೋಶದ ಕೊನೆಯ ಗಾಳಿಗೂಡನ್ನು ಮುಟ್ಟಬಲ್ಲುದು.

ಅಲ್ಲಿ ಮಹಾಭಕ್ಷಕಗಳೆಂಬ ಜೀವಕೋಶಗಳು ಕಾದಿರುವುವು. ಕ್ರಿಮಿಯನ್ನು ನುಂಗಿ ಪಾಚಕ ರಸಗಳಿಂದ ಕರಗಿಸುವುದು ಇವುಗಳ ಕೆಲಸ. ಕ್ಷಯಾಣುವಾದರೋ ಮೇಣದಂಥ ಕವಚವನ್ನು ತೊಟ್ಟಿದೆ. ತಾನಿರುವ ಚೀಲಕ್ಕೆ ಪಾಚಕ ರಸ ಸೇರದಂತೆ ತಡೆದು, ಕಾವಲುಗಾರನ ಹೊಟ್ಟೆಯಲ್ಲಿಯೇ ಅದು ಮನೆ ಮಾಡುವುದು. ಸುಮಾರು 20 ಗಂಟೆಗಳಿಗೊಮ್ಮೆ ಒಂದು ಎರಡಾಗುತ್ತ ನಿಧಾನವಾಗಿ ಹೆಚ್ಚುವುದು. ಎರಡರಿಂದ ಎಂಟು ವಾರಗಳೊಳಗೆ ಟಿ-ಲಿಂಫೋಸೈಟುಗಳೆಂಬ ಬಿಳಿಯ ರಕ್ತಕಣಗಳು ಈ ಶತ್ರುವಿನ ಗುರುತನ್ನು ಕಲಿತು, ಮಹಾಭಕ್ಷಕಗಳಿಗೆ ಹೊಸ ಬಲವನ್ನು ಕೊಡುವುವು. ಎಲ್ಲವೂ ಸೇರಿ ಕ್ರಿಮಿಯ ಸುತ್ತ ಗಂಟಿನಂಥ ಕೋಟೆಯನ್ನು ಕಟ್ಟುವುವು. ಸೋಂಕು ತಗಲಿದ 100 ಮಂದಿಯಲ್ಲಿ ತಮ್ಮ ಜೀವಮಾನದಲ್ಲಿ ರೋಗಕ್ಕೀಡಾಗುವವರು ಸುಮಾರು 5ರಿಂದ 10 ಮಂದಿ ಮಾತ್ರ. ಆದರೆ ಅರೆಹೊಟ್ಟೆ, ಮಧುಮೇಹ, ಎಚ್.ಐ.ವಿ. ಸೋಂಕು ಮುಂತಾದವುಗಳಿಂದ ಕಾವಲು ಸಡಿಲವಾದರೆ ಕೋಟೆ ಒಡೆಯುವ ಸಂಭವ ಹೆಚ್ಚು.

ಗಿನಿಯಿಲಿ ಕಲಿಸಿದ ಪಾಠ

1891ರಲ್ಲಿ ಕಾಕನು ಒಂದು ವಿಚಿತ್ರವನ್ನು ವರ್ಣಿಸಿದನು. ಆರೋಗ್ಯವಾದ ಗಿನಿಯಿಲಿಯ ಚರ್ಮಕ್ಕೆ ಕ್ಷಯಾಣುಗಳನ್ನು ಚುಚ್ಚಿದರೆ 10ರಿಂದ 14 ದಿನಗಳ ತರುವಾಯ ಗಂಟೆದ್ದು, ಒಡೆದು, ಪ್ರಾಣಿಯು ಸಾಯುವವರೆಗೂ ಮಾಯದ ಹುಣ್ಣಾಗುವುದು. ಕೆಲವು ವಾರಗಳ ಹಿಂದೆಯೇ ಸೋಂಕು ತಗಲಿದ ಪ್ರಾಣಿಗೆ ಮತ್ತೊಂದೆಡೆ ಚುಚ್ಚಿದರೆ ಹಾಗಾಗದು. ಒಂದೆರಡು ದಿನಗಳಲ್ಲಿಯೇ ಆ ಸ್ಥಳ ಗಡುಸಾಗಿ, ಕಪ್ಪಾಗಿ, ಚರ್ಮ ಕಳಚಿ ಬಿದ್ದು, ಗಾಯ ಬೇಗನೆ ಮಾಯುವುದು. ದೇಹವು ಹಳೆಯ ಶತ್ರುವನ್ನು ಗುರುತಿಸಿ ಹೊಡೆದಟ್ಟಿತು. ಅದಕ್ಕೆ ತನ್ನ ಚರ್ಮವನ್ನೇ ಬೆಲೆಯಾಗಿ ತೆತ್ತಿತು.

ಕ್ಷಯಾಣುಗಳ ಸಾರವಾದ ಟ್ಯುಬರ್ಕ್ಯುಲಿನ್ ರೋಗವನ್ನು ಗುಣಪಡಿಸುವುದೆಂದು ಕಾಕನು 1890ರಲ್ಲಿ ನಂಬಿದ್ದನು. ಆ ನಂಬಿಕೆ ಹುಸಿಯಾಯಿತು. ಆದರೆ ವಿಯೆನ್ನದ ಪಿರ್ಕೆಯು 1907ರಲ್ಲಿಯೂ ಫ್ರಾನ್ಸಿನ ಮಾಂಟೂ 1908ರಲ್ಲಿಯೂ ಅದನ್ನು ಸೋಂಕಿನ ಪರೀಕ್ಷೆಗೆ ಬಳಸಿದರು. ಮಾಂಟೂ ವಿಧಾನದಲ್ಲಿ ಮುಂದೋಳಿನ ಚರ್ಮದೊಳಕ್ಕೆ ಸ್ವಲ್ಪ ಸಾರವನ್ನು ಚುಚ್ಚಿ, 48ರಿಂದ 72 ಗಂಟೆಗಳ ಮೇಲೆ ಅಲ್ಲಿ ಮೂಡಿದ ಗಡುಸಿನ ಅಗಲವನ್ನು ಅಳೆಯುವರು. 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು 1961ರಿಂದ 1968ರವರೆಗೆ ಬೆಂಗಳೂರು ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಟ್ಯುಬರ್ಕ್ಯುಲಿನ್ ಪರೀಕ್ಷೆಯೂ ಸೇರಿತ್ತು.

ಗಡುಸು ಕಂಡೊಡನೆ ಕ್ಷಯರೋಗವಿದೆಯೆಂದು ಹೆದರುವುದು ತಪ್ಪು. ಆ ಕ್ರಿಮಿಯ ಪರಿಚಯ ದೇಹಕ್ಕೆ ಆಗಿದೆಯೆಂಬುದನ್ನಷ್ಟೇ ಅದು ಸೂಚಿಸುವುದು, ಬಿ.ಸಿ.ಜಿ. ಲಸಿಕೆ ಪಡೆದವರಲ್ಲಿಯೂ ಕಾಣಬಹುದು. ರೋಗವಿದೆಯೇ ಇಲ್ಲವೇ ಎಂಬುದನ್ನು ಕಫದ ಪರೀಕ್ಷೆ, ಎಕ್ಸ್-ರೇ ಮೊದಲಾದವುಗಳಿಂದ ನಿರ್ಧರಿಸಬೇಕು.

ನಿಮಿಷಗಳಲ್ಲಿ ಒದಗುವ ಅಪಾಯ

ಮೇಲಿನ ಪ್ರತಿಕ್ರಿಯೆಗೆ ದಿನಗಳು ಬೇಕು. ನಿಮಿಷಗಳಲ್ಲಿ ನಡೆದುಹೋಗುವುದು ಇನ್ನೊಂದುಂಟು. ಫ್ರಾನ್ಸಿನ ಷಾರ್ಲ್ ರಿಷೆ ಮತ್ತು ಪೋರ್ಟಿಯೇ ಎಂಬ ವಿಜ್ಞಾನಿಗಳು ಕಡಲಹೂವೆಂಬ ಪ್ರಾಣಿಯ ವಿಷವನ್ನು ನಾಯಿಗಳಿಗೆ ಚುಚ್ಚಿ ಪರೀಕ್ಷಿಸುತ್ತಿದ್ದರು. ಮೊದಲ ಸಲ ಚೇತರಿಸಿಕೊಂಡ ನಾಯಿಯೊಂದಕ್ಕೆ ಕೆಲವು ವಾರಗಳ ತರುವಾಯ ಅಲ್ಪ ಪ್ರಮಾಣದಲ್ಲಿ ಅದನ್ನೇ ಕೊಟ್ಟಾಗ, ಅದು ಏದುಸಿರು ಬಿಡುತ್ತ 25 ನಿಮಿಷಗಳಲ್ಲಿ ಸತ್ತಿತು. ರಕ್ಷಣೆಗೆ ವಿರುದ್ಧವಾದ ಈ ಸ್ಥಿತಿಯನ್ನು ಅವರು 1902ರಲ್ಲಿ ಅನಾಫಿಲ್ಯಾಕ್ಸಿಸ್ ಎಂದು ಕರೆದರು. ಈ ಸಂಶೋಧನೆಗಾಗಿ ರಿಷೆಗೆ 1913ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. 'ಬದಲಾದ ಪ್ರತಿಕ್ರಿಯೆ' ಎಂಬ ಭಾವದಲ್ಲಿ ಅಲರ್ಜಿ ಎಂಬ ಪದವನ್ನು ಪಿರ್ಕೆಯು 1906ರಲ್ಲಿ ರಚಿಸಿದನು.

ಇದರ ಕಾರಣವೆಲ್ಲಿದೆ? 1921ರಲ್ಲಿ ಪ್ರೌಸ್ನಿಟ್ಸ್ ಎಂಬ ವೈದ್ಯನು ಮೀನು ಒಗ್ಗದ ತನ್ನ ಸಹೋದ್ಯೋಗಿ ಕ್ಯೂಸ್ಟ್ನರನ ರಕ್ತರಸವನ್ನು ತನ್ನ ಚರ್ಮಕ್ಕೆ ಚುಚ್ಚಿಸಿಕೊಂಡನು. ಮರುದಿನ ಅದೇ ಸ್ಥಳಕ್ಕೆ ಮೀನಿನ ಸಾರವನ್ನು ಚುಚ್ಚಲು ಅಲ್ಲಿ ದದ್ದು ಎದ್ದಿತು. ಹೀಗೆ ಕಾರಣವು ರಕ್ತರಸದಲ್ಲಿದೆ ಎಂಬುದು ಸಿದ್ಧವಾಯಿತು. ಅದು ಐಜಿ-ಇ ಎಂಬ ಪ್ರತಿಕಾಯವೆಂದು 1960ರ ದಶಕದ ಉತ್ತರಾರ್ಧದಲ್ಲಿ ಅಮೆರಿಕದಲ್ಲಿ ಇಷಿಜಾಕ ದಂಪತಿಗಳ ಮತ್ತು ಸ್ವೀಡನ್ನಿನಲ್ಲಿ ಯೊಹಾನ್ಸನ್, ಬೆನಿಕ್ ಇವರ ಸಂಶೋಧನೆಗಳಿಂದ ತಿಳಿದುಬಂದಿತು.

ಮೊದಲ ಭೇಟಿಯಲ್ಲಿ ದೇಹವು ಈ ಪ್ರತಿಕಾಯವನ್ನು ತಯಾರಿಸುವುದು. ಅದು ಚರ್ಮ, ಶ್ವಾಸನಾಳ, ಕರುಳುಗಳಲ್ಲಿರುವ ಮಾಸ್ಟ್ ಜೀವಕೋಶಗಳ ಮೈಗೆ ಅಂಟಿ ಕುಳಿತಿರುವುದು. ಅದೇ ವಸ್ತು ಮರಳಿ ಬಂದು ಈ ಪ್ರತಿಕಾಯಗಳಿಗೆ ತಗಲಿದೊಡನೆ ಜೀವಕೋಶವು ತನ್ನೊಳಗೆ ಕೂಡಿಟ್ಟಿದ್ದ ಹಿಸ್ಟಮೀನ್ ಮುಂತಾದ ರಾಸಾಯನಿಕಗಳನ್ನು ಹೊರಚೆಲ್ಲುವುದು. ರಕ್ತನಾಳಗಳು ಹಿಗ್ಗಿ ಸೋರುವುವು, ಶ್ವಾಸನಾಳಗಳು ಬಿಗಿಯುವುವು. ಇದು ಮೂಗಿನಲ್ಲಿ ನಡೆದರೆ ಸೀನು, ಚರ್ಮದಲ್ಲಿ ನಡೆದರೆ ದದ್ದು. ದೇಹವೆಲ್ಲ ವ್ಯಾಪಿಸಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಸಂಚಕಾರ.

ನಾಲ್ಕು ಬಗೆ

1963ರಲ್ಲಿ ಜೆಲ್ ಮತ್ತು ಕೂಂಬ್ಸ್ ಎಂಬವರು ಅತಿಸಂವೇದನೆಯನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು. ಈಗ ಹೇಳಿದ ತತ್‌ಕ್ಷಣದ ಪ್ರತಿಕ್ರಿಯೆ ಮೊದಲನೆಯದು. ಪ್ರತಿಕಾಯಗಳು ನೇರವಾಗಿ ಜೀವಕೋಶಗಳಿಗೇ ಅಂಟಿ ಅವನ್ನು ನಾಶಮಾಡುವುದು ಎರಡನೆಯದು; ಹೊಂದದ ಗುಂಪಿನ ರಕ್ತವನ್ನು ಕೊಟ್ಟಾಗ ಆಗುವ ಅನಾಹುತ ಇದಕ್ಕೆ ಉದಾಹರಣೆ. ಪ್ರತಿಕಾಯ ಮತ್ತು ಅನ್ಯವಸ್ತುಗಳ ಜೋಡಿಗಳು ರಕ್ತನಾಳ, ಕೀಲು, ಮೂತ್ರಪಿಂಡಗಳಲ್ಲಿ ನಿಂತು ಉರಿಯೂತವನ್ನುಂಟುಮಾಡುವುದು ಮೂರನೆಯದು. ನಾಲ್ಕನೆಯದರಲ್ಲಿ ಪ್ರತಿಕಾಯಗಳ ಪಾತ್ರವಿಲ್ಲ, ಟಿ-ಲಿಂಫೋಸೈಟುಗಳೇ ಕರ್ತೃಗಳು. ಟ್ಯುಬರ್ಕ್ಯುಲಿನ್ ಪರೀಕ್ಷೆಯ ಗಡುಸು ಈ ವರ್ಗಕ್ಕೆ ಸೇರಿದೆ.

ಈ ತಿಳಿವಿನಿಂದ ನಿತ್ಯಜೀವನಕ್ಕೂ ಪ್ರಯೋಜನವುಂಟು. ಪೆನಿಸಿಲಿನ್ ಚುಚ್ಚಿಸಿಕೊಂಡಾಗ ಒಮ್ಮೆ ಏನೂ ಆಗಲಿಲ್ಲವೆಂಬುದು ಮುಂದಿನ ಸಲಕ್ಕೆ ಭರವಸೆಯಲ್ಲ. ಮೊದಲ ಭೇಟಿ ಸದ್ದಿಲ್ಲದೆ ಪ್ರತಿಕಾಯಗಳನ್ನು ಸಿದ್ಧಪಡಿಸಿರಬಹುದು. ಯಾವುದಾದರೂ ಔಷಧದಿಂದ ದದ್ದು, ಉಬ್ಬಸ ಕಾಣಿಸಿದ್ದರೆ ಅದರ ಹೆಸರನ್ನು ಬರೆದಿಟ್ಟುಕೊಂಡು ಪ್ರತಿಯೊಬ್ಬ ವೈದ್ಯರಿಗೂ ತಿಳಿಸಬೇಕು. ಔಷಧ ಸೇವಿಸಿದ ಅಥವಾ ಕಣಜ ಕುಟುಕಿದ ಮೇಲೆ ಉಸಿರು ಕಟ್ಟುವಂತಾದರೆ, ತುಟಿ ನಾಲಿಗೆಗಳು ಊದಿದರೆ ಕಾಯುತ್ತ ಕೂರದೆ ಆಸ್ಪತ್ರೆಗೆ ಧಾವಿಸಬೇಕು. ತೊಡೆಯ ಸ್ನಾಯುವಿಗೆ ಚುಚ್ಚುವ ಅಡ್ರಿನಲಿನ್ ಅಲ್ಲಿ ಪ್ರಾಣರಕ್ಷಕ.

ಲಸಿಕೆಯು ನಮ್ಮನ್ನು ಕಾಯುವುದೂ ಪೆನಿಸಿಲಿನ್ ಕೆಲವರನ್ನು ಕಾಡುವುದೂ ದೇಹವು ಹಿಂದಿನದನ್ನು ಮರೆಯದಿರುವುದರಿಂದಲೇ. ಈ ನೆನಪನ್ನು ಅಳಿಸದೆ, ಅದರ ಅತಿರೇಕವನ್ನು ಮಾತ್ರ ಹದ್ದಿನಲ್ಲಿಡುವುದು ವೈದ್ಯವಿಜ್ಞಾನದ ಮುಂದಿರುವ ಕಾರ್ಯ.