ಮಾಮು ಅವರ ಒಣಕಲ್ಲು ಮತ್ತು ಹಳೆಯ ಬಾಕಿ

ಅಕೌಂಟೆನ್ಸಿಯಲ್ಲಿ ಹೊಸ ವರ್ಷದ ಲೆಕ್ಕ ಖಾಲಿ ಹಾಳೆಯಿಂದ ಶುರುವಾಗುವುದಿಲ್ಲ. ಹಿಂದಿನ ವರ್ಷದ ಬಾಕಿ ಮೊದಲ ಸಾಲಿನಲ್ಲೇ ಬಂದು ಕೂರುತ್ತದೆ. ಇದನ್ನು ಪರೀಕ್ಷೆಯಲ್ಲಿ ಸರಿಯಾಗಿ ಬರೆದ ನಾನು ಮಾಮು ಅವರ ಉಪ್ಪುನೀರಿನ ಅಕ್ವೇರಿಯಂನಲ್ಲಿ ಮರೆತೆ. ಒಂದು ಮೀನು ಸತ್ತಿತು.

ಮಾಮು ನಾಲ್ಕು ವರ್ಷಗಳ ಹಿಂದೆ ಟ್ಯಾಂಕ್ ಮುಚ್ಚಿ, ಕಲ್ಲುಗಳನ್ನು ಗೋಣಿಚೀಲದಲ್ಲಿ ಕಟ್ಟಿ ಮಹಡಿಯ ಮೇಲೆ ಇಟ್ಟಿದ್ದರು. ಈ ರಜೆಯಲ್ಲಿ ಮತ್ತೆ ಟ್ಯಾಂಕ್ ಶುರು ಮಾಡುವ ಮನಸ್ಸಾಯಿತು. ಹೊಸ ಕಲ್ಲಿನ ಬೆಲೆ ಕೇಳಿದ ನಾನೇ, "ಮಾಮು, ಇವು ಒಣಗಿ ಮೂಳೆಯಂತಾಗಿವೆ, ತೊಳೆದು ಹಾಕಿದರೆ ಸಾಕು" ಎಂದೆ. ಹಾಕಿದೆವು. ಎರಡು ಕ್ಲೌನ್ ಮೀನು ತಂದೆವು. ಐದನೆಯ ದಿನ ಒಂದು ಮೀನು ನೀರಿನ ಮೇಲೆ ಬಂದು ಉಸಿರಿಗೆ ಒದ್ದಾಡಿತು, ಸಂಜೆಗೆ ಸತ್ತಿತ್ತು. ಟೆಸ್ಟ್ ಕಿಟ್ಟಿನಲ್ಲಿ ಅಮೋನಿಯಾದ ಬಣ್ಣ ಕಡುಹಸಿರು. ಮಾಮು ಬೈಯಲಿಲ್ಲ. ಉಳಿದ ಮೀನನ್ನು ಅಂಗಡಿಗೆ ವಾಪಸು ಕೊಟ್ಟು ಬಂದು, "ಬೇಟಾ, ಕಾರಣ ಏನೆಂದು ಹುಡುಕು" ಎಂದರು.

ಕಾರಣ ಕಲ್ಲಿನ ತೂತುಗಳಲ್ಲಿತ್ತು. ಟ್ಯಾಂಕಿನಲ್ಲಿದ್ದಾಗ ಆ ತೂತುಗಳಲ್ಲಿ ಸ್ಪಂಜು, ಹುಳು, ಪಾಚಿ ಬೆಳೆದಿರುತ್ತವೆ. ಕಲ್ಲು ಒಣಗಿದಾಗ ಅವು ಸಾಯುತ್ತವೆ, ಆದರೆ ಎಲ್ಲಿಗೂ ಹೋಗುವುದಿಲ್ಲ. ಮತ್ತೆ ನೀರು ತಾಗಿದಾಗ ಕೊಳೆತು ಅಮೋನಿಯಾ ಬಿಡುತ್ತವೆ. ಜೀವಂತ ಕಲ್ಲಿನಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆಯದು ನೈಟ್ರೈಟನ್ನು ಅಷ್ಟಾಗಿ ಅಪಾಯವಿಲ್ಲದ ನೈಟ್ರೇಟ್ ಮಾಡುತ್ತದೆ. ನಮ್ಮ ಕಲ್ಲಿನಲ್ಲಿ ಕೊಳೆ ಇತ್ತು, ಅದನ್ನು ನಿಭಾಯಿಸುವ ಕೆಲಸಗಾರರು ಇರಲಿಲ್ಲ. ಇನ್ನೊಂದು ಬಾಕಿ ಫಾಸ್ಫೇಟ್. ಕಲ್ಲು ಕ್ಯಾಲ್ಸಿಯಂ ಕಾರ್ಬೋನೇಟ್ ಆದ್ದರಿಂದ ಫಾಸ್ಫೇಟನ್ನು ಹಿಡಿದಿಟ್ಟುಕೊಂಡು ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಬಿಡುತ್ತದೆ. ಪಾಚಿಗೆ ಅದೇ ಗೊಬ್ಬರ.

ಮಾಮು ಅವರನ್ನು ಒಂದು ಪ್ರಶ್ನೆ ಕೇಳಬೇಕಾಯಿತು: ಹಳೆಯ ಟ್ಯಾಂಕಿಗೆ ತಾಮ್ರದ ಔಷಧಿ ಹಾಕಿದ್ದಿರಾ? ಹಾಕಿದ್ದರೆ ಕಲ್ಲು ತಾಮ್ರವನ್ನೂ ಹೀರಿಕೊಂಡಿರುತ್ತದೆ. ಆ ಕಲ್ಲು ಇರುವಲ್ಲಿ ಸೀಗಡಿ, ಹವಳ ಬದುಕುವುದು ಕಷ್ಟ. ಹಾಕಿರಲಿಲ್ಲ, ಸದ್ಯ.

ಕಲ್ಲು ಬಿಸಾಡಿ ಸಮುದ್ರದಿಂದ ಬೇರೆ ತರಬಹುದಲ್ಲ ಎಂದು ಗೆಳೆಯನೊಬ್ಬ ಕೇಳಿದ. ಕೂಡದು. ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ, ಹುಲಿಯ ಜೊತೆಗೆ. ಮಾಮು ಅವರದು ನೆಲದಿಂದ ತೆಗೆದ ಸುಣ್ಣಕಲ್ಲು, ಬಿಲ್ ಕೂಡ ಇದೆ.

ಹಾಗಾಗಿ ಮೊದಲಿಂದ ಶುರು ಮಾಡಿದೆವು. ಬ್ರಷ್‌ನಿಂದ ಉಜ್ಜಿ, ಸುವಾಸನೆ ಸೇರಿಸದ ಬ್ಲೀಚ್ ಒಂದು ಪಾಲಿಗೆ ಹತ್ತು ಪಾಲು ನೀರು ಬೆರೆಸಿ ಒಂದು ದಿನ ನೆನೆಸಿದೆವು. ಬೇಗ ಆಗಲೆಂದು ಅಮ್ಮಿ ಬಚ್ಚಲು ತೊಳೆಯುವ ಆಸಿಡ್ ತಂದರು. ದಯವಿಟ್ಟು ಇದನ್ನು ಯಾರೂ ಮಾಡಬೇಡಿ: ಬ್ಲೀಚ್‌ಗೆ ಆಸಿಡ್ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ, ಮುಚ್ಚಿದ ಬಚ್ಚಲಿನಲ್ಲಿ ಅದು ಪ್ರಾಣ ತೆಗೆಯಬಹುದು. ಆಮೇಲೆ ಹಲವು ಸಲ ತೊಳೆದು, ಉಳಿದ ಕ್ಲೋರಿನ್ ಹೋಗಲು ಸೋಡಿಯಂ ಥಯೋಸಲ್ಫೇಟ್ ಹಾಕಿದ ನೀರಿನಲ್ಲಿಟ್ಟು (ಸೈನ್ಸ್ ಗೆಳೆಯರಿಗೆ ಟೈಟ್ರೇಶನ್‌ನಿಂದ ಪರಿಚಯ), ಬಿಸಿಲಿನಲ್ಲಿ ಒಣಗಿಸಿದೆವು.

ಈಗ ಕಲ್ಲುಗಳು ಮುಚ್ಚಳ ಹಾಕಿದ ಡ್ರಮ್ಮಿನಲ್ಲಿವೆ. ಸಾಂದ್ರತೆ 1.025ರ ಉಪ್ಪುನೀರು, ಒಂದು ಪಂಪು, ಬೆಳಕಿಲ್ಲ. ಅಂಗಡಿಯವರು ಕೊಟ್ಟ ಜೀವಂತ ಕಲ್ಲಿನ ಚೂರೊಂದನ್ನು ಬ್ಯಾಕ್ಟೀರಿಯಾಕ್ಕಾಗಿ, ಹೆಪ್ಪು ಹಾಕಿದಂತೆ, ಸೇರಿಸಿದ್ದೇವೆ. ಸ್ವಲ್ಪ ಅಮೋನಿಯಾ ನಾವೇ ಹಾಕುತ್ತೇವೆ. 24 ಗಂಟೆಯಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದರೆ ಕಲ್ಲು ಸಿದ್ಧ.

ಇಂದಿಗೆ 31 ದಿನ. ಅಮೋನಿಯಾ ಸೊನ್ನೆ, ನೈಟ್ರೈಟ್ ಇನ್ನೂ ಇದೆ. ದಿನವೂ ರೀಡಿಂಗ್ ಬರೆಯಲು ಮಾಮು ಒಂದು ಹಳೆಯ ಲೆಡ್ಜರ್ ಕೊಟ್ಟಿದ್ದಾರೆ. ಮೀನು ತಂದಿಲ್ಲ.