ಹಳೇ ಅಂಬಾಸಿಡರ್‌ಗೆ ಯಾವ ಸ್ಪಾರ್ಕ್ ಪ್ಲಗ್?

ಮಕ್ಕಳೇ, ಈ ಸಲದ ಪಾಠವನ್ನು ಒಂದು ಸಮಸ್ಯೆಯಿಂದಲೇ ಶುರು ಮಾಡೋಣ.

ನಿಮ್ಮೂರಲ್ಲಿ ಒಂದು ಹಳೇ ಅಂಬಾಸಿಡರ್ ಕಾರು ಇದೆ ಅಂದುಕೊಳ್ಳಿ. 1489 ಸಿ.ಸಿ. ಪೆಟ್ರೋಲ್ ಎಂಜಿನ್, ನಾಲ್ಕು ಸಿಲಿಂಡರ್. ಪ್ಲಗ್‌ಗಳು ಸವೆದಿವೆ. ಬಿಡಿಭಾಗದ ಅಂಗಡಿಯವರು ಎನ್‌ಜಿಕೆ ಕಂಪನಿಯ ಮೂರು ಬಗೆಯ ಪ್ಲಗ್ ಮುಂದಿಟ್ಟು, "ಮೂರೂ ಕೂರ್ತವೆ, ಯಾವುದು ಬೇಕು?" ಅಂತಾರೆ. ಡಬ್ಬಿಗಳ ಮೇಲೆ ಹೀಗಿದೆ: ಬಿಪಿ6ಇಎಸ್, ಬಿ6ಎಚ್ಎಸ್, ಬಿ9ಇಎಸ್. ಅವರು ಹೇಳಿದ್ದು ಸುಳ್ಳಲ್ಲ. ಮೂರರ ಥ್ರೆಡ್ಡೂ 14 ಮಿ.ಮೀ., ಮೂರೂ ತೂತಿನಲ್ಲಿ ತಿರುಗಿ ಕೂರುತ್ತವೆ. ಆದರೆ ಸರಿಯಾದದ್ದು ಒಂದೇ. ಯಾವುದು, ಏಕೆ?

ಪ್ಲಗ್ ಮಾಡುವ ಕೆಲಸ

ಕಾರಿನ ಬ್ಯಾಟರಿ ಕೊಡುವುದು 12 ವೋಲ್ಟ್. ಕಾಂಟ್ಯಾಕ್ಟ್ ಬ್ರೇಕರ್ ಪಾಯಿಂಟು ತೆರೆದುಕೊಂಡಾಗ ಇಗ್ನಿಷನ್ ಕಾಯಿಲ್‌ನಲ್ಲಿ ವಿದ್ಯುತ್ ಹರಿವು ಥಟ್ಟನೆ ನಿಲ್ಲುತ್ತದೆ. ಆಗ ವಿದ್ಯುತ್ಕಾಂತೀಯ ಪ್ರೇರಣೆಯಿಂದ ಸಾವಿರಾರು ವೋಲ್ಟ್ ಹುಟ್ಟುತ್ತದೆ. ಈ ವೋಲ್ಟೇಜು ಪ್ಲಗ್ಗಿನ ತುದಿಯ ಸಣ್ಣ ಸಂದಿಯನ್ನು ಕಿಡಿಯಾಗಿ ದಾಟಿ ಪೆಟ್ರೋಲ್-ಗಾಳಿ ಮಿಶ್ರಣವನ್ನು ಹೊತ್ತಿಸುತ್ತದೆ. ಇದು ನಿಮಗೆ ಗೊತ್ತಿರುವ ಕೆಲಸ. ಪ್ಲಗ್ಗಿಗೆ ಇನ್ನೊಂದು ಕೆಲಸವೂ ಇದೆ: ತನ್ನ ತುದಿಗೆ ತಾಗಿದ ಶಾಖವನ್ನು ಸಿಲಿಂಡರ್ ಹೆಡ್ಡಿಗೆ ದಾಟಿಸುವುದು. ಪ್ಲಗ್ ಆರಿಸುವಾಗ ಜನ ಮರೆಯುವುದು ಇದನ್ನೇ.

ಒಂದು: ಥ್ರೆಡ್ಡಿನ ಉದ್ದ

ಅಂಬಾಸಿಡರ್‌ನ ಈ ಎಂಜಿನ್ ಮೂಲತಃ ಇಂಗ್ಲೆಂಡಿನ ಬಿಎಂಸಿ ಕಂಪನಿಯ 'ಬಿ ಸೀರೀಸ್' ಎಂಜಿನ್. ಇದಕ್ಕೆ ಬೇಕಾದ ಪ್ಲಗ್ಗಿನ ಥ್ರೆಡ್ ಭಾಗ ಮುಕ್ಕಾಲು ಇಂಚು, ಅಂದರೆ 19 ಮಿ.ಮೀ. ಉದ್ದ ಇರಬೇಕು. ಅಲ್ಲಿ 12.7 ಮಿ.ಮೀ. ಪ್ಲಗ್ ಹಾಕಿದರೆ ಕಿಡಿ ತೂತಿನ ಒಳಗೇ ಅಡಗಿ ಹಾರುತ್ತದೆ, ಮಿಶ್ರಣ ಸರಿಯಾಗಿ ಹೊತ್ತುವುದಿಲ್ಲ. ಹೆಡ್ಡಿನ ಖಾಲಿ ಥ್ರೆಡ್ಡಿನಲ್ಲಿ ಮಸಿ ಗಟ್ಟಿಯಾಗಿ ಕೂರುತ್ತದೆ. ಮುಂದೆ ಸರಿಯಾದ ಪ್ಲಗ್ ಹಾಕಲು ಹೋದಾಗ ಅದು ಸಿಕ್ಕಿಕೊಳ್ಳುತ್ತದೆ.

ತಲೆಕೆಳಗಾದ ತಪ್ಪು ಇನ್ನೂ ದುಬಾರಿ. 12.7 ಮಿ.ಮೀ. ಬೇಕಾದ ಬೇರೆ ಎಂಜಿನ್ನಿಗೆ 19 ಮಿ.ಮೀ. ಪ್ಲಗ್ ಹಾಕಿದರೆ, ಮೇಲೆ ಬರುವ ಪಿಸ್ಟನ್ ಅದಕ್ಕೆ ಬಡಿಯಬಹುದು.

ಎರಡು: ಶಾಖದ ದಾರಿ

'ಹಾಟ್ ಪ್ಲಗ್', 'ಕೋಲ್ಡ್ ಪ್ಲಗ್' ಅಂತ ಮೆಕ್ಯಾನಿಕ್‌ಗಳು ಹೇಳುವುದನ್ನು ಕೇಳಿರಬಹುದು. ಹಾಟ್ ಅಂದರೆ ಕಿಡಿ ಜೋರು ಅಂತ ಅಲ್ಲ. ಶಾಖ ಎಷ್ಟು ಬೇಗ ಹೊರಗೆ ಹೋಗುತ್ತದೆ ಅನ್ನುವುದೇ ಇಲ್ಲಿಯ ಲೆಕ್ಕ.

ಹೊಲದಲ್ಲಿ ನಿಂತ ಮಳೆನೀರನ್ನು ನೆನೆಸಿಕೊಳ್ಳಿ. ಕಾಲುವೆ ಪಕ್ಕದಲ್ಲೇ ಇದ್ದರೆ ನೀರು ಬೇಗ ಬಸಿಯುತ್ತದೆ, ದೂರವಿದ್ದರೆ ನಿಲ್ಲುತ್ತದೆ. ಹಾಗೆಯೇ ಪ್ಲಗ್ಗಿನ ತುದಿಯ ಪಿಂಗಾಣಿ ಮೂಗು ಗಿಡ್ಡವಿದ್ದರೆ ಶಾಖ ಬೇಗ ಲೋಹದ ಕವಚಕ್ಕೆ ಸೇರುತ್ತದೆ. ಅದು ಕೋಲ್ಡ್ ಪ್ಲಗ್. ಮೂಗು ಉದ್ದವಿದ್ದರೆ ಶಾಖ ಹೋಗುವ ದಾರಿಯೂ ಉದ್ದ. ತುದಿ ಬಿಸಿಯಾಗೇ ಉಳಿಯುತ್ತದೆ. ಅದು ಹಾಟ್ ಪ್ಲಗ್.

ತುದಿಯ ಉಷ್ಣತೆ ಸುಮಾರು 450ರಿಂದ 850 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು. ಅದಕ್ಕಿಂತ ತಣ್ಣಗಿದ್ದರೆ ಮಸಿ ಸುಟ್ಟುಹೋಗದೆ ಅಂಟಿಕೊಳ್ಳುತ್ತದೆ. ಮಸಿ ಇಂಗಾಲ, ವಿದ್ಯುತ್ ವಾಹಕ. ಸಂದಿ ದಾಟಬೇಕಾದ ವಿದ್ಯುತ್ ಮಸಿಯ ಮೇಲೆ ಹರಿದು ಸೋರಿಹೋಗುತ್ತದೆ, ಗಾಡಿ ಸ್ಟಾರ್ಟ್ ಆಗಲ್ಲ. ತೀರಾ ಬಿಸಿಯಾದರೆ ಕಿಡಿ ಹಾರುವ ಮೊದಲೇ ಕೆಂಡದಂತಹ ತುದಿಯೇ ಮಿಶ್ರಣವನ್ನು ಹೊತ್ತಿಸಿಬಿಡುತ್ತದೆ. ಹೀಗೆ ಹೊತ್ತಿಗೆ ಮುಂಚೆ ಹೊತ್ತುತ್ತಲೇ ಇದ್ದರೆ ಪಿಸ್ಟನ್ ಕರಗಿ ತೂತಾಗಬಹುದು.

ಮೂರು: ಸಂದಿ

ಪಾಯಿಂಟು-ಕಾಯಿಲ್ ಇರುವ ಈ ಎಂಜಿನ್ನಿಗೆ ಸಂದಿ 0.025 ಇಂಚು, ಅಂದರೆ ಸುಮಾರು 0.64 ಮಿ.ಮೀ. ತೆರೆದ ಗಾಳಿಯಲ್ಲಿ ಕಿಡಿ ಹಾರಲು ಸ್ಥೂಲವಾಗಿ ಮಿಲಿಮೀಟರಿಗೆ 3,000 ವೋಲ್ಟ್ ಬೇಕು. ಸಿಲಿಂಡರಿನಲ್ಲಿ ಮಿಶ್ರಣವನ್ನು ಏಳು ಪಟ್ಟು ಒತ್ತಿದರೆ ಬೇಕಾಗುವ ವೋಲ್ಟೇಜೂ ಹೆಚ್ಚುಕಮ್ಮಿ ಅಷ್ಟೇ ಪಟ್ಟು ಏರುತ್ತದೆ. ಗುಣಿಸಿ ನೋಡಿ: 0.64 × 3,000 × 7 ಅಂದರೆ 13,000 ವೋಲ್ಟ್ ಮೀರುತ್ತದೆ! ಈಗಿನ ಕಾರುಗಳಂತೆ ಸಂದಿಯನ್ನು 1 ಮಿ.ಮೀ. ಮಾಡಿದರೆ ಹಳೇ ಕಾಯಿಲ್‌ಗೆ ಭಾರವಾಗುತ್ತದೆ. ಹೊಸ ಪ್ಲಗ್ಗಿನ ಸಂದಿಯನ್ನೂ ಫೀಲರ್ ಗೇಜ್ ಹಾಕಿ ನೋಡಿಯೇ ಜೋಡಿಸಬೇಕು.

ಹೆಸರು ಓದುವ ಬಗೆ

ಎನ್‌ಜಿಕೆ ಹೆಸರಿನಲ್ಲಿ 'ಬಿ' ಅಂದರೆ 14 ಮಿ.ಮೀ. ಥ್ರೆಡ್. 'ಪಿ' ಅಂದರೆ ಪಿಂಗಾಣಿ ತುದಿ ಮುಂದಕ್ಕೆ ಚಾಚಿದೆ. ನಡುವಿನ ಅಂಕಿ ಶಾಖದ ದರ್ಜೆ: ಅಂಕಿ ಹೆಚ್ಚಾದಷ್ಟೂ ಕೋಲ್ಡ್. 'ಇ' ಅಂದರೆ 19 ಮಿ.ಮೀ. ಉದ್ದ, 'ಎಚ್' ಅಂದರೆ 12.7.

ಎಚ್ಚರ! ಎಲ್ಲ ಕಂಪನಿಯ ಅಂಕಿ ಒಂದೇ ದಿಕ್ಕಿನದಲ್ಲ. ಚಾಂಪಿಯನ್‌ನಲ್ಲಿ ಅಂಕಿ ಹೆಚ್ಚಾದರೆ ಹಾಟ್. ಬಾಷ್‌ನದು ಇನ್ನೂ ತಮಾಷೆ: ಹಳೇ ಪದ್ಧತಿಯ 145, 175, 225ರಲ್ಲಿ ಹೆಚ್ಚಾದರೆ ಕೋಲ್ಡ್, ಹೊಸ ಪದ್ಧತಿಯ 8, 7, 5ರಲ್ಲಿ ಕಡಿಮೆಯಾದರೆ ಕೋಲ್ಡ್. ಹಳೇ ಸ್ಟಾಕಿನ ಪ್ಲಗ್ ಕೊಳ್ಳುವವರು ಮೋಸಹೋಗುವುದು ಇಲ್ಲೇ.

ಈಗ ಉತ್ತರ

ಬಿ6ಎಚ್ಎಸ್ ಗಿಡ್ಡ, ಆದ್ದರಿಂದ ಬೇಡ. ಬಿ9ಇಎಸ್ ಉದ್ದ ಸರಿ, ಆದರೆ ತೀರಾ ಕೋಲ್ಡ್; ರೇಸಿನಂತಹ ಜೋರು ಓಟಕ್ಕೆ ಅದು. ಸಂತೆಗೆ, ಮದುವೆಗೆ ನಿಧಾನವಾಗಿ ಹೋಗಿಬರುವ ಕಾರಿನಲ್ಲಿ ಮಸಿ ಹಿಡಿಯುತ್ತದೆ. ಉಳಿದದ್ದು ಬಿಪಿ6ಇಎಸ್, ಅದೇ ಸರಿ. ಬೇರೆ ಗಾಡಿಯಾದರೆ ಅದರ ಕೈಪಿಡಿ ನೋಡಿಯೇ ಆರಿಸಬೇಕು.

ಆರಿಸಿದ್ದು ಸರಿಯೇ ಅಂತ ಕೊನೆಗೆ ಹೇಳುವುದು ಪ್ಲಗ್ಗೇ. ಕೆಲವು ದಿನ ಓಡಿಸಿ, ಎಂಜಿನ್ ಪೂರ್ತಿ ಆರಿದ ಮೇಲೆ ದೊಡ್ಡವರ ಜೊತೆ ಬಿಚ್ಚಿ ನೋಡಿ. ತುದಿ ತಿಳಿ ಕಂದು ಅಥವಾ ಬೂದು ಬಣ್ಣವಿದ್ದರೆ ಸರಿ. ಒಣ ಕಪ್ಪು ಮಸಿ ಇದ್ದರೆ ಪ್ಲಗ್ ಕೋಲ್ಡ್ ಆಗಿರಬಹುದು, ಇಲ್ಲವೇ ಕಾರ್ಬುರೇಟರ್ ಪೆಟ್ರೋಲ್ ಹೆಚ್ಚು ಕೊಡುತ್ತಿರಬಹುದು. ಬಿಳಿಚಿಕೊಂಡು ಗುಳ್ಳೆ ಎದ್ದಿದ್ದರೆ ತುದಿ ಅತಿಯಾಗಿ ಕಾದಿದೆ ಎಂದರ್ಥ. ಗಾಡಿ ಓಡಿಸುವುದು ನಿಲ್ಲಿಸಿ ಕಾರಣ ಹುಡುಕಬೇಕು.

ಅಭ್ಯಾಸ

1. ನಾಲ್ಕು ಸ್ಟ್ರೋಕ್ ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುತ್ತಿದೆ. ಒಂದು ಪ್ಲಗ್ ಸೆಕೆಂಡಿಗೆ ಎಷ್ಟು ಕಿಡಿ ಕೊಡುತ್ತದೆ? (ಸುಳಿವು: ಎರಡು ಸುತ್ತಿಗೆ ಒಂದು ಕಿಡಿ.)
2. ಸಂದಿ 1 ಮಿ.ಮೀ. ಆದರೆ ಮೇಲಿನ ಲೆಕ್ಕದಂತೆ ಎಷ್ಟು ವೋಲ್ಟ್ ಬೇಕು?
3. ಬಿ7ಎಚ್ಎಸ್ ಮತ್ತು ಬಿ5ಎಚ್ಎಸ್‌ಗಳಲ್ಲಿ ಯಾವುದರ ಪಿಂಗಾಣಿ ಮೂಗು ಉದ್ದ? ಕಾರಣ ಬರೆಯಿರಿ.
4. ಹತ್ತಿರದ ಗ್ಯಾರೇಜಿನಿಂದ ಬಿಸಾಕುವ ಮೂರು ಪ್ಲಗ್ ಕೇಳಿ ತನ್ನಿ. ಥ್ರೆಡ್ಡಿನ ಉದ್ದ ಅಳೆದು, ತುದಿಯ ಬಣ್ಣ ನೋಡಿ, ಪಟ್ಟಿ ಮಾಡಿ ತರಗತಿಯಲ್ಲಿ ತೋರಿಸಿ.